ಚರ್ಚ್ ನೋಡಲು ಹೋದವರು ಪದೇ ಪದೇ ಕೇಳುವ ಪ್ರಶ್ನೆಗಳು: ಕಲ್ಲು, ಗಾಜು, ಗೋಪುರಗಳ ಅರ್ಥ

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಬಂದವರೂ ಯುರೋಪ್ ಟೂರ್ ಮುಗಿಸಿ ಬಂದವರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಅದು ಯಾಕೆ ಹಾಗಿದೆ? ಗೈಡ್ ಹೇಳಿದ್ದು ನಿಜವಾ? ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗೆ ಜಾಸ್ತಿ ಎತ್ತಿಕೊಂಡಿರುವುದು ಫ್ರಾನ್ಸಿನ ಶಾರ್ತ್ರ್ ಊರಿನ ಕೆಥೆಡ್ರಲ್ಲನ್ನು. 1194ರಲ್ಲಿ ಬೆಂಕಿ ಬಿದ್ದು ಹಳೆಯ ಕಟ್ಟಡದ ಬಹುಪಾಲು ಹೋಯಿತು. ಮತ್ತೆ ಕಟ್ಟಿ 1260ರಲ್ಲಿ ಪ್ರತಿಷ್ಠೆ ಮಾಡಿದರು. ಹಳೆಯ ಶಿಲ್ಪ, ಹಳೆಯ ಬಣ್ಣದ ಗಾಜು ಎರಡೂ ಒಟ್ಟಿಗೆ ಇಷ್ಟು ಉಳಿದಿರುವ ಜಾಗ ಬೇರೆ ಕಡೆ ಕಮ್ಮಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚರ್ಚಿನ ಅರ್ಥಗಳಲ್ಲಿ ಕೆಲವನ್ನು ಕಟ್ಟಿದವರೇ ಇಟ್ಟಿದ್ದಾರೆ. ಕೆಲವನ್ನು ಕಟ್ಟಡ ಎದ್ದ ಮೇಲೆ ಬಂದವರು ಓದಿಕೊಂಡಿದ್ದಾರೆ. ಇನ್ನು ಕೆಲವು ಸುಮ್ನೆ ಕಥೆ. ಯಾವುದು ಯಾವುದು ಅಂತ ಬೇರ್ಪಡಿಸುವುದರಲ್ಲೇ ಮಜಾ ಇದೆ.

ಚರ್ಚು ಪೂರ್ವಕ್ಕೆ ತಿರುಗಿರುತ್ತದೆ ಅನ್ನುತ್ತಾರೆ. ನಮ್ಮ ದೇವಸ್ಥಾನವೂ ಹಾಗೇ ಅಲ್ವಾ?

ದಿಕ್ಕು ಒಂದೇ, ಆದರೆ ಆ ಕಡೆ ಮುಖ ಮಾಡುವವರು ಬೇರೆ. ನಮ್ಮಲ್ಲಿ ಹೆಚ್ಚಿನ ಕಡೆ ದೇವರು ಪೂರ್ವಕ್ಕೆ ನೋಡುತ್ತಾನೆ, ಬಾಗಿಲೂ ಪೂರ್ವಕ್ಕೇ ಇರುತ್ತದೆ. ಹಾಗಾಗಿ ನಾವು ಪಡುವಣಕ್ಕೆ ಮುಖ ಮಾಡಿ ಕೈಮುಗಿಯುತ್ತೇವೆ. ಹಳೆಯ ಚರ್ಚಿನಲ್ಲಿ ಇದು ಉಲ್ಟಾ. ಬಾಗಿಲು ಪಶ್ಚಿಮಕ್ಕೆ, ಬಲಿಪೀಠ ಪೂರ್ವದ ತುದಿಯಲ್ಲಿ. ಪೂರ್ವಕ್ಕೆ ನೋಡುವುದು ಜನ. ಸೂರ್ಯ ಹುಟ್ಟುವ ದಿಕ್ಕಿನಿಂದಲೇ ಕ್ರಿಸ್ತ ಮತ್ತೆ ಬರುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ಬಾಗಿಲಿನಿಂದ ಪೀಠದ ಕಡೆಗೆ ನಡೆದರೆ ಕತ್ತಲಿನಿಂದ ಬೆಳಕಿಗೆ ನಡೆದಂತೆ.

ಇದು ಎಲ್ಲ ಕಡೆ ಪಾಲಿಸಿದ ನಿಯಮವೇನಲ್ಲ. ರೋಮಿನ ಸಂತ ಪೇತ್ರರ ಬೆಸಿಲಿಕಾದ ಬಾಗಿಲೇ ಪೂರ್ವಕ್ಕಿದೆ. ಶಾರ್ತ್ರ್ ಕೆಥೆಡ್ರಲ್ ಕೂಡ ನೇರ ಪೂರ್ವಕ್ಕಿಲ್ಲ, ಈಶಾನ್ಯದ ಕಡೆಗೆ ಚೆನ್ನಾಗಿಯೇ ವಾಲಿದೆ. ಜಾಗ ಸಿಕ್ಕ ಹಾಗೆ ಕಟ್ಟಿದ್ದಾರೆ.

ಮೇಲಿನಿಂದ ನೋಡಿದರೆ ಶಿಲುಬೆ ಆಕಾರ. ಒಂದು ಕಡೆ ಸ್ವಲ್ಪ ಬಾಗಿದ್ದರೆ ಅದು ಯೇಸುವಿನ ವಾಲಿದ ತಲೆ ಅಂತಾರೆ, ಹೌದಾ?

ಶಿಲುಬೆ ಆಕಾರದ ಮಾತು ನಿಜ. ಉದ್ದದ ಹಜಾರಕ್ಕೆ ಅಡ್ಡವಾಗಿ ಇನ್ನೊಂದು ಹಜಾರ ಬರುತ್ತದೆ, ಅವೇ ತೋಳು. ಪೀಠ ಇರುವ ಕಡೆ ತಲೆ. ಮೈಸೂರಿನ ಚರ್ಚೂ ಇದೇ ನಕ್ಷೆಯದ್ದು.

ವಾಲಿದ ತಲೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಕ್ಯಾಂಪೇರ್ ಊರಿನ ಕೆಥೆಡ್ರಲ್ ಒಳಗೆ ನಿಂತರೆ ಕಟ್ಟಡ ಎದ್ದು ಕಾಣುವ ಹಾಗೆ ಬಾಗಿದೆ. ಅಲ್ಲೂ ಇದೇ ಕಥೆ ಹೇಳುತ್ತಾರೆ. ಆದರೆ ಇಂಥ ಚರ್ಚುಗಳನ್ನು ಒಂದೇ ಸಲ ಕಟ್ಟಿ ಮುಗಿಸುತ್ತಿರಲಿಲ್ಲ. ಒಂದು ತಲೆಮಾರು ಪೀಠದ ಭಾಗ ಕಟ್ಟಿದರೆ ಹಜಾರ ಕಟ್ಟುವುದು ಮತ್ತೊಂದು ತಲೆಮಾರು. ನಡುವೆ ಹಳೆಯ ಪಾಯ, ಪಕ್ಕದವರ ಜಾಗ, ಮೆತ್ತನೆ ಮಣ್ಣು ಎಲ್ಲ ಅಡ್ಡ ಬರುತ್ತವೆ. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಹಳೆ ಮನೆಗೆ ಸೇರಿಸಿ ಕೋಣೆ ಕಟ್ಟಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಡುವಿನ ಹಜಾರವನ್ನು 'ನೇವ್' ಅನ್ನುತ್ತಾರಲ್ಲ, ಹಾಗೆಂದರೆ?

ಲ್ಯಾಟಿನ್ನಿನ 'ನಾವಿಸ್', ಅಂದರೆ ಹಡಗು. ನಮ್ಮ 'ನಾವೆ', 'ನಾವಿಕ' ಎಲ್ಲ ಇದೇ ಬಳಗದ ಮಾತುಗಳು. ಬೈಬಲ್ಲಿನ ಪ್ರಳಯದಲ್ಲಿ ನೋಹನ ಹಡಗು ಉಳಿಸಿದಂತೆ ಕ್ರೈಸ್ತ ಸಭೆ ಜನರನ್ನು ಉಳಿಸುತ್ತದೆ ಎಂಬ ಅರ್ಥ. ತಲೆ ಎತ್ತಿ ಚಾವಣಿ ನೋಡಿ, ದೋಣಿ ಬೋರಲು ಹಾಕಿದ ಹಾಗೆ ಕಾಣುತ್ತದೆ.

ಚರ್ಚು, ಇಗರ್ಜಿ, ಕೆಥೆಡ್ರಲ್, ಬೆಸಿಲಿಕಾ: ಏನು ವ್ಯತ್ಯಾಸ?

ಇಗರ್ಜಿ ಅನ್ನುವುದು ಪೋರ್ಚುಗೀಸರ 'ಇಗ್ರೇಜಾ' ಕೊಂಕಣಿಯ ಮೂಲಕ ಕರಾವಳಿಯ ಬಾಯಿಗೆ ಬಂದದ್ದು. ಅರ್ಥ ಚರ್ಚೇ. ಕೆಥೆಡ್ರಲ್ ಎಂದರೆ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕುರ್ಚಿ ಇರುವ ಚರ್ಚು. 'ಕಥೆದ್ರಾ' ಅಂದರೇ ಕುರ್ಚಿ. ಕಟ್ಟಡ ಎಷ್ಟು ದೊಡ್ಡದು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೆಸಿಲಿಕಾ ಅಂದರೆ ಮೊದಲು ರೋಮನ್ನರ ಕಾಲದ ದೊಡ್ಡ ಸಾರ್ವಜನಿಕ ಹಜಾರ. ಕೋರ್ಟು, ವ್ಯಾಪಾರ ಎಲ್ಲ ಅಲ್ಲೇ ನಡೆಯುತ್ತಿತ್ತು. ನಾಲ್ಕನೇ ಶತಮಾನದಲ್ಲಿ ಕ್ರೈಸ್ತರು ದೊಡ್ಡ ಚರ್ಚು ಕಟ್ಟಲು ಹೊರಟಾಗ ದೇವಸ್ಥಾನದ ನಕ್ಷೆ ಬಿಟ್ಟು ಈ ಹಜಾರದ ನಕ್ಷೆ ಹಿಡಿದರು. ಕಾರಣ ಸರಳ. ರೋಮನ್ ದೇವಸ್ಥಾನದಲ್ಲಿ ಬಲಿ ಕೊಡುವುದು ಹೊರಗೆ, ಜನ ನಿಲ್ಲುವುದೂ ಹೊರಗೆ. ಇವರಿಗೆ ನೂರಾರು ಜನ ಒಳಗೆ ಸೇರುವ ಜಾಗ ಬೇಕಿತ್ತು. ಈಗ ಬೆಸಿಲಿಕಾ ಅನ್ನುವುದು ಪೋಪ್ ಕೊಡುವ ಗೌರವದ ಹೆಸರು. ಬೆಂಗಳೂರು ಶಿವಾಜಿನಗರದ ಸಂತ ಮೇರಿ ಚರ್ಚಿಗೆ 1970ರ ದಶಕದಲ್ಲಿ, ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ 2016ರಲ್ಲಿ ಈ ಹೆಸರು ಸಿಕ್ಕಿತು.

ಬಾಗಿಲ ಮೇಲೆ ಸಿಂಹ, ಎತ್ತು, ಹದ್ದು ಕೆತ್ತಿರುತ್ತಾರೆ. ವಾಹನಗಳಾ?

ನಮ್ಮ ಕಣ್ಣಿಗೆ ಹಾಗೆ ಕಾಣುವುದು ಸಹಜ. ವಾಹನಗಳಲ್ಲ, ಅವು ಯೇಸುವಿನ ಬದುಕಿನ ಕಥೆ ಬರೆದ ನಾಲ್ವರು ಶುಭಸಂದೇಶಕಾರರ ಗುರುತು. ರೆಕ್ಕೆಯ ಮನುಷ್ಯ ಮತ್ತಾಯ, ಸಿಂಹ ಮಾರ್ಕ, ಎತ್ತು ಲೂಕ, ಹದ್ದು ಯೋಹಾನ. ಬೈಬಲ್ಲಿನ ಯೆಹೆಜ್ಕೇಲ ಮತ್ತು ಪ್ರಕಟನೆ ಗ್ರಂಥಗಳ ದರ್ಶನದಿಂದ ಬಂದವು. ಇದು ಕಟ್ಟಿದವರೇ ಇಟ್ಟ ಅರ್ಥ, ಅನುಮಾನವೇ ಬೇಡ.

ಶಾರ್ತ್ರ್ ಕೆಥೆಡ್ರಲ್ಲಿನ ಪಶ್ಚಿಮದ ಬಾಗಿಲುಗಳನ್ನು 'ರಾಜದ್ವಾರ' ಅನ್ನುತ್ತಾರೆ. 12ನೇ ಶತಮಾನದ ಕೆಲಸ, 1194ರ ಬೆಂಕಿಯಲ್ಲೂ ಉಳಿಯಿತು. ನಡುವಿನ ಬಾಗಿಲ ಮೇಲೆ ಕ್ರಿಸ್ತ ಕುಳಿತಿದ್ದಾನೆ, ಸುತ್ತ ಈ ನಾಲ್ಕು ಜೀವಿಗಳು. ಎಲ್ಲರೂ ಫೋಟೋ ತೆಗೆಯುವುದು ಅದನ್ನೇ. ನೀವು ಅಕ್ಕಪಕ್ಕದ ಬಾಗಿಲ ಹತ್ತಿರ ಹೋಗಿ ಕಮಾನಿನ ಸಾಲು ನೋಡಿ.

ಎಡಬಾಗಿಲ ಕಮಾನಿನಲ್ಲಿ ಹನ್ನೆರಡು ತಿಂಗಳ ಕೆಲಸಗಳನ್ನೂ ರಾಶಿಗಳನ್ನೂ ಕೆತ್ತಿದ್ದಾರೆ. ಫೆಬ್ರವರಿಯಲ್ಲಿ ಒಬ್ಬ ರೈತ ಮುಸುಕು ಹಾಕಿಕೊಂಡು ಒಲೆ ಮುಂದೆ ಚಳಿ ಕಾಯಿಸುತ್ತಿದ್ದಾನೆ. ದೇವರ ಮನೆ ಬಾಗಿಲಲ್ಲಿ ಇವನಿಗೇನು ಕೆಲಸ? ವರ್ಷವಿಡೀ ಮಾಡುವ ದುಡಿಮೆ, ಆಕಾಶದ ಸುತ್ತು ಎಲ್ಲವೂ ದೇವರ ಲೆಕ್ಕದೊಳಗೇ ಇದೆ ಎಂಬ ಮಾತು. ನಮ್ಮ ದೇವಸ್ಥಾನಗಳ ಗೋಡೆಯಲ್ಲಿ ಬೇಟೆಗಾರ, ಕುಣಿಯುವವಳು ಎಲ್ಲ ಇರುತ್ತಾರಲ್ಲ, ಆ ಥರ. ಇನ್ನೊಂದು ತಮಾಷೆ ಇದೆ. ಆ ಕಮಾನಿನಲ್ಲಿ ಜಾಗ ಸಾಲದೆ ಮಿಥುನ ಮತ್ತು ಮೀನ ರಾಶಿಗಳನ್ನು ಬಲಬಾಗಿಲಿಗೆ ಸಾಗಿಸಿದ್ದಾರೆ. ಅಲ್ಲಿ ಅವಕ್ಕೆ ಸಂಬಂಧವೇ ಇಲ್ಲ. ಎಂಟುನೂರು ವರ್ಷಕ್ಕೂ ಹಿಂದಿನ ಶಿಲ್ಪಿಗೂ ಅಳತೆ ತಪ್ಪುತ್ತಿತ್ತು ಅನ್ನುವುದು ನನಗಂತೂ ಸಮಾಧಾನದ ವಿಷಯ.

ಬಲಬಾಗಿಲಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡ ಮರಿಯಮ್ಮ. ಸುತ್ತ ಏಳು ವಿದ್ಯೆಗಳು, ಏಳು ಹೆಂಗಸರ ರೂಪದಲ್ಲಿ. ವ್ಯಾಕರಣ ಅಂದರೆ ಒಬ್ಬ ಟೀಚರಮ್ಮ, ಕೈಯಲ್ಲಿ ಬೆತ್ತ, ಕಾಲ ಬಳಿ ಇಬ್ಬರು ಹುಡುಗರು. ಒಬ್ಬ ಓದುತ್ತಿದ್ದರೆ ಇನ್ನೊಬ್ಬ ಅವನ ಕೂದಲು ಎಳೆಯುತ್ತಿದ್ದಾನೆ. ಸಂಗೀತ ಗಂಟೆ ಬಾರಿಸುತ್ತಿದ್ದಾಳೆ, ಅವಳ ಕೆಳಗೆ ಪೈಥಾಗೊರಸ್ ಬಗ್ಗಿ ಬರೆಯುತ್ತಿದ್ದಾನೆ. ಕ್ರೈಸ್ತನಲ್ಲದ ಗ್ರೀಕನಿಗೆ ಚರ್ಚಿನ ಬಾಗಿಲಲ್ಲಿ ಜಾಗ! ಆ ಕಾಲಕ್ಕೆ ಶಾರ್ತ್ರ್ ದೊಡ್ಡ ವಿದ್ಯಾಕೇಂದ್ರ. ಮರಿಯಮ್ಮ ಜ್ಞಾನದ ಪೀಠ, ಹಾಗಾಗಿ ವಿದ್ಯೆಗಳೆಲ್ಲ ಅವಳ ಸುತ್ತ.

ಬಣ್ಣದ ಗಾಜಿನ ಕಿಟಕಿಗಳು ಓದು ಬಾರದವರಿಗಾಗಿ ಮಾಡಿದ ಬೈಬಲ್ಲಂತೆ?

ಅರ್ಧ ನಿಜ. ಸುಮಾರು 600ನೇ ಇಸವಿಯಲ್ಲಿ ಪೋಪ್ ಗ್ರೆಗರಿ, ಚಿತ್ರಗಳನ್ನು ಒಡೆದು ಹಾಕಿದ ಒಬ್ಬ ಬಿಷಪ್ಪರಿಗೆ ಕಾಗದ ಬರೆದು, ಓದಲು ಬಾರದವರು ಗೋಡೆ ನೋಡಿ ತಿಳಿಯುತ್ತಾರೆ ಎಂದು ಬುದ್ಧಿ ಹೇಳಿದ್ದರು. ಅವರು ಹೇಳಿದ್ದು ಚಿತ್ರಗಳ ಬಗ್ಗೆ. ಅದನ್ನೇ ಕಿಟಕಿಗಳಿಗೂ ಹಚ್ಚುತ್ತಾರೆ.

ಆದರೆ ಶಾರ್ತ್ರ್‌ನಲ್ಲಿ ನಿಂತು ಓದಲು ನೋಡಿ. ಕೆಳಸಾಲಿನ ಕಿಟಕಿಯಲ್ಲಿ ಸಣ್ಣ ಸಣ್ಣ ಚೌಕ, ವೃತ್ತಗಳಲ್ಲಿ ಕಥೆ ಇರುತ್ತದೆ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಐದನೇ ಸಾಲಿಗೆ ಬರುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಥೆಯೂ ಕೈತಪ್ಪುತ್ತದೆ. ಮೊದಲೇ ಕಥೆ ಗೊತ್ತಿದ್ದವನಿಗೆ ಮಾತ್ರ ಇದು ಅರ್ಥವಾಗುತ್ತದೆ. ಯಕ್ಷಗಾನದಲ್ಲಿ ವೇಷ ನೋಡಿ ಪಾತ್ರ ಹಿಡಿಯುವವನಿಗೆ ಪ್ರಸಂಗ ಗೊತ್ತಿರಲೇಬೇಕಲ್ಲ, ಹಾಗೆ. ಪಾಠ ಹೇಳಿದ್ದು ಕಿಟಕಿಯಲ್ಲ, ಪಕ್ಕದಲ್ಲಿ ನಿಂತ ಪಾದ್ರಿ ಇರಬೇಕು.

ನನ್ನ ಪ್ರಕಾರ ಕಥೆಗಿಂತ ಬೆಳಕೇ ಮುಖ್ಯವಾಗಿತ್ತು. ಪ್ಯಾರಿಸ್ ಹತ್ತಿರದ ಸೇಂಟ್ ಡೆನಿ ಮಠದ ಹಿರಿಯ ಸುಜೇರ್, 1144ರಲ್ಲಿ ತನ್ನ ಚರ್ಚಿನ ಪೀಠದ ಭಾಗವನ್ನು ಹೊಸದಾಗಿ ಕಟ್ಟಿಸಿ ಮುಗಿಸಿದ. ಚೂಪು ಕಮಾನು, ದೊಡ್ಡ ಕಿಟಕಿಗಳ ಗಾಥಿಕ್ ಶೈಲಿ ಶುರುವಾದದ್ದು ಅಲ್ಲಿಂದ ಅನ್ನುತ್ತಾರೆ. ಕಣ್ಣಿಗೆ ಕಾಣುವ ಬೆಳಕಿನಿಂದ ಮನಸ್ಸು ನಿಜವಾದ ಬೆಳಕಿನ ಕಡೆಗೆ ಏರುತ್ತದೆ ಎಂಬುದು ಅವನ ಮಾತಿನ ಸಾರ. ಗಾಜು ಒಡೆಯದೆ ಸೂರ್ಯನ ಬೆಳಕು ಒಳಗೆ ಬರುವುದನ್ನು ಮರಿಯಮ್ಮನ ಕನ್ಯತ್ವಕ್ಕೂ ಹೋಲಿಸುತ್ತಿದ್ದರು.

ಕಿಟಕಿಗಳ ಬುಡದಲ್ಲಿ ಬೇಕರಿಯವರು, ಚಪ್ಪಲಿ ಹೊಲಿಯುವವರು, ತುಪ್ಪಳದ ವ್ಯಾಪಾರಿಗಳು ತಮ್ಮ ಕೆಲಸ ಮಾಡುತ್ತಾ ನಿಂತಿದ್ದಾರೆ. ದಾನ ಕೊಟ್ಟವರ ಗುರುತು ಎಂದು ಬಹಳ ಕಾಲ ಹೇಳುತ್ತಿದ್ದರು. ಅಷ್ಟು ದುಡ್ಡು ಅವರ ಹತ್ತಿರ ಇತ್ತಾ ಅಂತ ಈಗ ವಿದ್ವಾಂಸರಲ್ಲೇ ಜಗಳ ಇದೆ.

ಒಬ್ಬರ ಹೆಗಲ ಮೇಲೆ ಒಬ್ಬರು ಕುಳಿತ ಕಿಟಕಿ ಶಾರ್ತ್ರ್‌ನಲ್ಲಿದೆ ಅಂತ ಕೇಳಿದ್ದೆ.

ಇದೆ. ದಕ್ಷಿಣದ ದೊಡ್ಡ ಗುಲಾಬಿ ಕಿಟಕಿಯ (ಅರಳಿದ ಹೂವಿನಂತೆ ದುಂಡಗಿರುವ ಕಿಟಕಿ) ಕೆಳಗೆ ಉದ್ದನೆಯ ಐದು ಕಿಟಕಿಗಳು. ನಡುವೆ ಮರಿಯಮ್ಮ ಮತ್ತು ಮಗು. ಅಕ್ಕಪಕ್ಕ ಹಳೆ ಒಡಂಬಡಿಕೆಯ, ಅಂದರೆ ಬೈಬಲ್ಲಿನಲ್ಲಿ ಯೇಸುವಿಗಿಂತ ಹಿಂದಿನ ಭಾಗದ, ನಾಲ್ವರು ಪ್ರವಾದಿಗಳು, ದೈತ್ಯರ ಹಾಗೆ. ಅವರ ಹೆಗಲ ಮೇಲೆ ಪುಟ್ಟ ಶುಭಸಂದೇಶಕಾರರು, ಜಾತ್ರೆಯಲ್ಲಿ ತೇರು ಕಾಣಲಿ ಅಂತ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡ ಮಕ್ಕಳಂತೆ. ಚಿಕ್ಕವರು ಹೆಚ್ಚು ದೂರ ನೋಡುತ್ತಾರೆ, ಆದರೆ ಹೆಗಲು ದೊಡ್ಡವರದ್ದು. ಇದೇ ಊರಿನ ಗುರು ಬರ್ನಾರ್ಡ್, ನಾವು ದೈತ್ಯರ ಹೆಗಲ ಮೇಲಿನ ಕುಳ್ಳರು ಎನ್ನುತ್ತಿದ್ದನಂತೆ. ಅದನ್ನು ಬರೆದಿಟ್ಟ ಜಾನ್ ಆಫ್ ಸಾಲ್ಸ್‌ಬರಿ ಮುಂದೆ ಶಾರ್ತ್ರ್‌ಗೇ ಬಿಷಪ್ ಆಗಿ ಬಂದ. ಕಿಟಕಿಗೂ ಆ ಮಾತಿಗೂ ನೇರ ನಂಟಿದೆಯೇ ಎನ್ನುವುದಕ್ಕೆ ದಾಖಲೆಯಿಲ್ಲ. ಇದ್ದರೆ ಚೆಂದ.

ದಿಕ್ಕಿನ ಲೆಕ್ಕವನ್ನೂ ಗಮನಿಸಿ. ಬಿಸಿಲು ಬೀಳದ ಉತ್ತರದ ಗುಲಾಬಿ ಕಿಟಕಿಯಲ್ಲಿ ಮರಿಯಮ್ಮನ ಸುತ್ತ ಹಳೆ ಒಡಂಬಡಿಕೆಯ ರಾಜರು, ಪ್ರವಾದಿಗಳು. ಬಿಸಿಲು ಬೀಳುವ ದಕ್ಷಿಣದಲ್ಲಿ ಮಹಿಮೆಯ ಕ್ರಿಸ್ತ. ಸೂರ್ಯ ಮುಳುಗುವ ಪಶ್ಚಿಮದಲ್ಲಿ ಕೊನೆಯ ತೀರ್ಪು.

ನೆಲದಲ್ಲಿ ಚಕ್ರವ್ಯೂಹ ಯಾಕೆ?

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹದ ಕೆತ್ತನೆ ನೋಡಿದವರಿಗೆ ಶಾರ್ತ್ರ್‌ನ ನೆಲ ನೋಡಿದ ತಕ್ಷಣ ಅದೇ ನೆನಪಾಗುತ್ತದೆ. ಎರಡಕ್ಕೂ ಹೆಚ್ಚುಕಡಿಮೆ ಒಂದು ಶತಮಾನದ ಅಂತರ. ಒಂದನ್ನು ನೋಡಿ ಇನ್ನೊಂದು ಮಾಡಿದ್ದಲ್ಲ. ಸುತ್ತು ಹಾದಿ ಎಲ್ಲ ನಾಡಿನವರಿಗೂ ಗೊತ್ತಿದ್ದ ಆಕಾರ.

ಶಾರ್ತ್ರ್‌ನದು ಸುಮಾರು 13 ಮೀಟರ್ ಅಗಲದ ವೃತ್ತ, ಒಳಗೆ 11 ಸುತ್ತು. ನಡೆದರೆ ಕಾಲು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಇಲ್ಲಿ ದಾರಿ ತಪ್ಪುವ ಮಾತೇ ಇಲ್ಲ, ಕವಲುಗಳಿಲ್ಲ. ನಡುವಿಗೆ ತೀರ ಹತ್ತಿರ ಬಂದೆ ಅನ್ನುವಷ್ಟರಲ್ಲಿ ಹಾದಿ ಮತ್ತೆ ಅಂಚಿಗೆ ಎಳೆದುಕೊಂಡು ಹೋಗುತ್ತದೆ. ಜೆರುಸಲೇಮಿಗೆ ಹೋಗಲಾಗದ ಬಡವರು ಮೊಣಕಾಲಲ್ಲಿ ಇದನ್ನು ಸುತ್ತುತ್ತಿದ್ದರು ಎಂಬ ಕಥೆ ಬಹಳ ಪ್ರಸಿದ್ಧ. ಮಧ್ಯಯುಗದ ದಾಖಲೆಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ದಾಖಲೆ ಇರುವುದು ಓಸೇರ್ ಊರಿನ ಕೆಥೆಡ್ರಲ್ಲಿನದ್ದು. ಅಲ್ಲಿ ಈಸ್ಟರ್ ಹಬ್ಬಕ್ಕೆ ಪಾದ್ರಿಗಳು ಕೈಕೈ ಹಿಡಿದು, ಹಾಡುತ್ತಾ, ಚೆಂಡು ಎಸೆದಾಡುತ್ತಾ ಸುತ್ತು ಹಾದಿಯ ಮೇಲೆ ಕುಣಿಯುತ್ತಿದ್ದರು. 1538ರಲ್ಲಿ ಅದನ್ನು ನಿಲ್ಲಿಸಿದರು. ಮರಣವನ್ನು ಗೆದ್ದು ಬಂದ ಖುಷಿಯ ಕುಣಿತ. ಮೊಣಕಾಲಿನ ಕಥೆಗಿಂತ ಇದು ನನಗೆ ಹೆಚ್ಚು ಇಷ್ಟ.

ಚೂಪು ಕಮಾನು ಅಂದರೆ ಮುಗಿದ ಕೈ, ಹೌದಾ?

ಹಾಗೆ ಕಾಣುತ್ತದೆ, ಅಷ್ಟೇ. ಚೂಪು ಕಮಾನು ಬೀದರಿನಲ್ಲೂ ಇದೆ, ಕಲಬುರಗಿಯಲ್ಲೂ ಇದೆ. ಇಸ್ಲಾಮಿನ ಕಟ್ಟಡಗಳಲ್ಲಿ ಗಾಥಿಕ್‌ಗಿಂತ ಬಹಳ ಮೊದಲೇ ಬಳಕೆಯಲ್ಲಿತ್ತು. ಅರ್ಧವೃತ್ತದ ಕಮಾನು ಭಾರವನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ, ಚೂಪು ಕಮಾನು ಕೆಳಕ್ಕೆ ಇಳಿಸುತ್ತದೆ. ಉಳಿದ ತಳ್ಳುವಿಕೆಯನ್ನು ಹೊರಗಿನ ಊರೆಕಂಬಗಳು ತಡೆಯುತ್ತವೆ. ಆಗ ಗೋಡೆಗೆ ಹೊರೆ ಕಮ್ಮಿ, ಅದನ್ನು ಒಡೆದು ಗಾಜು ಹಾಕಬಹುದು. ಶಾರ್ತ್ರ್‌ನ ಚಾವಣಿ ಸುಮಾರು 37 ಮೀಟರ್ ಎತ್ತರಕ್ಕೆ ಹೋಗಿದ್ದು ಹೀಗೆ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚಿಗೆ ಚಾವಣಿಯೇ ಉಳಿದಿಲ್ಲ. ಚೂಪು ಕಮಾನುಗಳು ಬರಿಮೈಯಲ್ಲಿ ನಿಂತದ್ದು ನೋಡಬೇಕಾದರೆ ನೀರು ಇಳಿದಾಗ ಅಲ್ಲಿಗೆ ಹೋಗಿ.

ಎಂಟು ಮೂಲೆ, ಹನ್ನೆರಡು ಕಂಬ: ಎಲ್ಲ ಸಂಖ್ಯೆಗೂ ಅರ್ಥ ಇರುತ್ತದಾ?

ಕೆಲವಕ್ಕೆ ಖಂಡಿತ ಇದೆ. ಸುಜೇರ್ ತನ್ನ ಚರ್ಚಿನ ಹನ್ನೆರಡು ಕಂಬ ಯೇಸುವಿನ ಹನ್ನೆರಡು ಶಿಷ್ಯರು ಎಂದು ತಾನೇ ಬರೆದಿಟ್ಟಿದ್ದಾನೆ. ಕ್ರೈಸ್ತರಾಗುವವರಿಗೆ ನೀರಿನ ದೀಕ್ಷೆ ಕೊಡುವ ಜ್ಞಾನಸ್ನಾನದ ಮಂಟಪ ಎಂಟು ಮೂಲೆಯದ್ದು ಯಾಕೆಂದರೆ, ವಾರದ ಏಳು ದಿನ ಕಳೆದ ಮೇಲಿನ ಎಂಟನೇ ದಿನ ಹೊಸ ಹುಟ್ಟಿನ ದಿನ. ಫ್ಲಾರೆನ್ಸಿನದು ಪ್ರಸಿದ್ಧ.

ಆದರೆ 13ನೇ ಶತಮಾನದ ಕೊನೆಗೆ ಗಿಯೋಮ್ ದ್ಯುರಾಂ ಎಂಬ ಫ್ರೆಂಚ್ ಬಿಷಪ್ ಚರ್ಚಿನ ಒಂದೊಂದು ವಸ್ತುವಿಗೂ ಅರ್ಥ ಕೊಟ್ಟು ದೊಡ್ಡ ಗ್ರಂಥವನ್ನೇ ಬರೆದ. ಕಲ್ಲು ಅಂದರೆ ಭಕ್ತರು, ಗಾರೆಯ ಸುಣ್ಣ ಅಂದರೆ ಪ್ರೀತಿ, ಕಿಟಕಿ ಅಂದರೆ ಗಾಳಿಮಳೆ ತಡೆದು ಬೆಳಕು ಬಿಡುವ ಧರ್ಮಗ್ರಂಥ. ಓದಲು ಚೆನ್ನಾಗಿದೆ. ಆದರೆ ಗಾರೆ ಕಲಸುವವನು ಪ್ರೀತಿಯ ಯೋಚನೆಯಲ್ಲೇ ಕಲಸಿದ ಅಂತ ನಾನು ನಂಬಲಾರೆ.

ಗೋಪುರದ ತುದಿಯಲ್ಲಿ ಹುಂಜ?

ಕೋಳಿ ಕೂಗುವ ಮುಂಚೆ ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಗೊತ್ತೇ ಇಲ್ಲ ಅಂದ. ಅದರ ನೆನಪು. ಜೊತೆಗೆ ನಿದ್ದೆಯಿಂದ ಎಬ್ಬಿಸುವ ಬೋಧಕನ ಗುರುತು. ಗಾಳಿ ಎತ್ತ ಬೀಸುತ್ತದೆ ಅಂತಲೂ ತೋರಿಸುತ್ತದೆ. 2019ರ ಬೆಂಕಿಯಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಗೋಪುರದಿಂದ ಬಿದ್ದ ಹುಂಜ ಅವಶೇಷಗಳ ನಡುವೆ ಸಿಕ್ಕಿತು. 2023ರ ಡಿಸೆಂಬರಿನಲ್ಲಿ ಹೊಸ ಹುಂಜ ಏರಿತು.

ಬಾಯಿ ತೆರೆದ ರಾಕ್ಷಸರು ದೆವ್ವ ಓಡಿಸಲಿಕ್ಕಾ?

ಮೊದಲ ಕೆಲಸ ಮಳೆನೀರು ಗೋಡೆಗೆ ತಾಗದಂತೆ ದೂರಕ್ಕೆ ಉಗುಳುವುದು. ನಮ್ಮಲ್ಲಿ ಅಭಿಷೇಕದ ನೀರು ಮೊಸಳೆ ಬಾಯಿಂದ ಹೊರಗೆ ಬೀಳುತ್ತದಲ್ಲ, ಅದರ ಅಣ್ಣತಮ್ಮ. ನೋತ್ರ್ ದಾಮ್‌ನಲ್ಲಿ ಗಲ್ಲಕ್ಕೆ ಕೈಕೊಟ್ಟು ಪ್ಯಾರಿಸ್ ನೋಡುತ್ತಾ ಕುಳಿತ ಕೊಂಬಿನವನು ನೀರು ಉಗುಳುವುದಿಲ್ಲ. ಅವನು ಮಧ್ಯಯುಗದವನೂ ಅಲ್ಲ. 19ನೇ ಶತಮಾನದಲ್ಲಿ ದುರಸ್ತಿ ಮಾಡಿಸಿದ ವಿಯೊಲೆ ಲ ದ್ಯುಕ್ ಕೂರಿಸಿದ್ದು.

ಪೀಠದ ಹತ್ತಿರ ಐ, ಹೆಚ್, ಎಸ್ ಎಂಬ ಮೂರು ಅಕ್ಷರ?

ಗ್ರೀಕ್ ಲಿಪಿಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ಇಂಗ್ಲಿಷ್ ವಾಕ್ಯದ ಚಿಕ್ಕ ರೂಪ ಅಂತ ಹೇಳುವುದೆಲ್ಲ ಆಮೇಲೆ ಹುಟ್ಟಿದ್ದು. ಜೆಸ್ವಿಟ್ ಸಭೆಯ ಲಾಂಛನವೂ ಇದೇ. ಹಳೆ ಗೋವಾದ ಬೋಮ್ ಜೇಸುಸ್ ಚರ್ಚಿನ ಮುಖದ ಮೇಲೆ ದೊಡ್ಡದಾಗಿದೆ. ಎದೆ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುವ ಹಕ್ಕಿ ಕಂಡರೆ ಅದು ಹೆಜ್ಜಾರ್ಲೆ, ಕ್ರಿಸ್ತನ ಬಲಿಯ ಗುರುತು. ನಿಜವಾದ ಹೆಜ್ಜಾರ್ಲೆ ಹಾಗೆ ಮಾಡುವುದಿಲ್ಲ ಅನ್ನುವುದನ್ನು ರಂಗನತಿಟ್ಟಿಗೆ ಹೋಗಿ ನೋಡಿ ಬರಬಹುದು.

ಮೈಸೂರಿನ ಚರ್ಚು ಜರ್ಮನಿಯ ಕೊಲೋನ್ ಚರ್ಚಿನ ನಕಲಾ? ಫಿಲೋಮಿನಾ ಯಾರು?

ಜೋಡಿ ಗೋಪುರ ನೋಡಿದರೆ ಹೋಲಿಕೆ ಕಾಣುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು, ಗೋಪುರ 175 ಅಡಿ. ಅಂದಹಾಗೆ ಕೊಲೋನ್ ಚರ್ಚು 1248ರಲ್ಲಿ ಶುರುವಾದರೂ ಅದರ ಗೋಪುರ ಮುಗಿದದ್ದು 1880ರಲ್ಲಿ.

ಫಿಲೋಮಿನಾ ಕಥೆ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು. 1802ರಲ್ಲಿ ರೋಮಿನ ನೆಲಗೋರಿಗಳಲ್ಲಿ ಒಂದು ಗೋರಿ ಸಿಕ್ಕಿತು. ಬಾಯಿಗೆ ಮೂರು ಸುಟ್ಟ ಮಣ್ಣಿನ ಹಲಗೆ. ಇದ್ದ ಹಾಗೇ ಓದಿದರೆ 'ಲುಮೆನಾ ಪಾಕ್ಸ್ ತೇಕುಮ್ ಫಿ', ಅರ್ಥವಿಲ್ಲ. ಮೊದಲ ಹಲಗೆಯನ್ನು ಕೊನೆಗೆ ಇಟ್ಟರೆ 'ಪಾಕ್ಸ್ ತೇಕುಮ್ ಫಿಲುಮೆನಾ'. ಫಿಲುಮೆನಾ, ನಿನಗೆ ಶಾಂತಿ. ಜೊತೆಗೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳು. ಲಂಗರು ಕಟ್ಟಿ ನೀರಿಗೆ ಎಸೆದರು, ಬಾಣ ಬಿಟ್ಟರು ಅಂತ ಚಿತ್ರದಿಂದಲೇ ಒಂದು ಕಥೆ ಬೆಳೆಯಿತು. ಆದರೆ ಆ ನೆಲಗೋರಿಗಳಲ್ಲಿ ಲಂಗರಿನ ಚಿತ್ರ ಎಷ್ಟೋ ಇವೆ. ಅಲ್ಲಿ ಅದು ಭರವಸೆಯ ಗುರುತು. 1961ರಲ್ಲಿ ವ್ಯಾಟಿಕನ್ ಅವರ ಹೆಸರನ್ನು ಹಬ್ಬಗಳ ಪಟ್ಟಿಯಿಂದ ತೆಗೆಯಿತು. ಮೈಸೂರಿನ ಜನ ತೆಗೆಯಲಿಲ್ಲ. ನೆಲಮಾಳಿಗೆಗೆ ಇಳಿದು ಮಲಗಿದ ಪ್ರತಿಮೆಯ ಮುಂದೆ ನಿಲ್ಲುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ.

ಕೆಲವು ಚರ್ಚುಗಳಲ್ಲಿ ಪ್ರತಿಮೆಯೇ ಇರುವುದಿಲ್ಲವಲ್ಲ?

ಹೆಚ್ಚಾಗಿ ಅವು ಪ್ರಾಟೆಸ್ಟೆಂಟರವು, ಅಂದರೆ 16ನೇ ಶತಮಾನದಲ್ಲಿ ಪೋಪರಿಂದ ಬೇರೆಯಾದ ಕ್ರೈಸ್ತರವು. 1529ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಜನ ತಮ್ಮ ಚರ್ಚಿಗೆ ನುಗ್ಗಿ ಪ್ರತಿಮೆಗಳನ್ನು ಒಡೆದು ಹಾಕಿದರು. ಅದೇ ಊರಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಿಘಂಟಿನ ಕಿಟೆಲ್ ಇದೇ ಮಿಷನ್ನಿನವರು. ಬಲ್ಮಠದಲ್ಲಿರುವ ಅವರ ಚರ್ಚಿಗೆ ಹೋದರೆ ಬೋಧನೆ, ಹಾಡು, ಖಾಲಿ ಶಿಲುಬೆ ಅಷ್ಟೇ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಂತ ಅಲೋಶಿಯಸ್ ಚಾಪೆಲ್. 1899ರಲ್ಲಿ ಬಂದ ಇಟಲಿಯ ಬ್ರದರ್ ಆಂತೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿಯಲ್ಲಿ ಒಂದು ಗೇಣು ಜಾಗ ಬಿಡದೆ ಚಿತ್ರ ಬರೆದಿದ್ದಾರೆ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿ.

ಹಳೆ ಚರ್ಚಿನ ಆ ಕತ್ತಲೆಗೂ ಅರ್ಥ ಇರಬೇಕಲ್ಲ?

ಶಾರ್ತ್ರ್‌ನ ಕತ್ತಲೆಯ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ಸುಮಾರು 2009ರಿಂದ ಒಳಗೆ ತೊಳೆಯಲು ಶುರು ಮಾಡಿದರು. ಕಪ್ಪು ಅನ್ನುವುದು ಮೇಣದಬತ್ತಿಯ ಹೊಗೆ, ಬೆಂಕಿಯ ಮಸಿ, ಧೂಳು. ಅಡಿಯಲ್ಲಿ ತಿಳಿ ಕಾವಿ ಬಣ್ಣ, ಅದರ ಮೇಲೆ ಕಲ್ಲಿನ ಸಂದಿನಂತೆ ಎಳೆದ ಬಿಳಿ ಗೆರೆಗಳು ಸಿಕ್ಕವು. ಜನ 'ಕಪ್ಪು ಮಾತೆ' ಅಂತ ಕರೆಯುತ್ತಿದ್ದ ಮರಿಯಮ್ಮನ ಪ್ರತಿಮೆ ಬೆಳ್ಳಗೆ, ಕೆಂಪು ಕೆನ್ನೆಯೊಂದಿಗೆ ಹೊರಬಂತು. ದೊಡ್ಡ ಗಲಾಟೆಯೇ ಆಯಿತು. ನಮ್ಮ ಕಪ್ಪು ಮಾತೆಯನ್ನು ವಾಪಸ್ ಕೊಡಿ ಅಂದವರೂ ಇದ್ದರು.

ನೋಡಲು ಹೋಗುವಾಗ ಏನು ಒಯ್ಯಬೇಕು?

ಸಣ್ಣ ಬೈನಾಕ್ಯುಲರ್. ಮೊಬೈಲಿನ ಝೂಮ್ ಕತ್ತಲಲ್ಲಿ ಕೈಕೊಡುತ್ತದೆ. ಶಾರ್ತ್ರ್‌ಗಾದರೆ ಏಪ್ರಿಲಿನಿಂದ ಅಕ್ಟೋಬರಿನ ನಡುವೆ ಒಂದು ಶುಕ್ರವಾರ ಹೋಗಿ. ಬೇರೆ ದಿನ ಚಕ್ರವ್ಯೂಹದ ಮೇಲೆ ಕುರ್ಚಿ ಹಾಕಿರುತ್ತಾರೆ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರಿ, ಪೂಜೆ ಮುಗಿದ ಮೇಲೆ ಸುತ್ತಿ ನೋಡಬಹುದು.